ವಾಯೇಜರ್ ತೊದಲತೊಡಗಿದರೆ: 2,400 ಕೋಟಿ ಕಿಲೋಮೀಟರ್ ದೂರದ ರಿಪೇರಿಗೆ ಒಂದು ಕೈಪಿಡಿ

ಈ ಕೈಪಿಡಿ ನಿಮ್ಮ ಕೆಲಸಕ್ಕೆ ಬರುವ ಸಂಭವ ಕಡಿಮೆ. ಇದಕ್ಕೆ ಹೊಂದುವ ಯಂತ್ರಗಳು ಇರುವುದೇ ಎರಡು, ವಾಯೇಜರ್ 1 ಮತ್ತು ವಾಯೇಜರ್ 2 ಎಂಬ ಬಾಹ್ಯಾಕಾಶ ನೌಕೆಗಳು. ಎರಡನ್ನೂ 1977ರಲ್ಲಿ ಹಾರಿಸಿದ್ದಾರೆ, ಎರಡೂ ಸೂರ್ಯನ ಗಾಳಿ ಬೀಸುವ ಎಲ್ಲೆ ದಾಟಿ ಆಚೆ ಹೋಗಿವೆ. ಆದರೂ ಓದಿ. ಕೈಗೆ ಸಿಗದ, ಕಣ್ಣಿಗೆ ಕಾಣದ, ಕೇಳಿದ್ದಕ್ಕೆ ಎರಡು ದಿನ ಬಿಟ್ಟು ಉತ್ತರ ಕೊಡುವ ಯಂತ್ರದಲ್ಲಿ ದೋಷ ಹುಡುಕಿದ ಕಥೆ ಇದು. 2023ರ ನವೆಂಬರ್‌ನಿಂದ 2024ರ ಜೂನ್‌ವರೆಗೆ ನಾಸಾದ ಜೆಪಿಎಲ್ (ಜೆಟ್ ಪ್ರೊಪಲ್ಶನ್ ಲ್ಯಾಬೊರೇಟರಿ) ಇಂಜಿನಿಯರುಗಳು ನಿಜವಾಗಿ ಇಟ್ಟ ಹೆಜ್ಜೆಗಳನ್ನೇ ಇಲ್ಲಿ ಕೈಪಿಡಿಯ ರೂಪಕ್ಕೆ ಇಳಿಸಿದ್ದೇನೆ. ನಡುನಡುವೆ ನನ್ನ ಮಾತೂ ಇದೆ, ಸಹಿಸಿಕೊಳ್ಳಿ.

ದೋಷದ ಲಕ್ಷಣ

ದಿನಾಂಕ 2023ರ ನವೆಂಬರ್ 14. ವಾಯೇಜರ್ 1 ನೌಕೆಯಿಂದ ಸಿಗ್ನಲ್ ಬರುತ್ತಲೇ ಇದೆ. ಆದರೆ ಅದರಲ್ಲಿ ಅರ್ಥ ಇಲ್ಲ. ಸೊನ್ನೆ ಮತ್ತು ಒಂದುಗಳ ಒಂದೇ ಜೋಡಣೆ ಮತ್ತೆ ಮತ್ತೆ ಬರುತ್ತಿದೆ, ಗೀರು ಬಿದ್ದ ಗ್ರಾಮಫೋನ್ ತಟ್ಟೆಯ ಹಾಗೆ. ಸಾಮಾನ್ಯ ದಿನಗಳಲ್ಲಿ ಎರಡು ಬಗೆಯ ಸುದ್ದಿ ಬರಬೇಕು. ನಾಲ್ಕು ಉಪಕರಣಗಳು ಅಳೆದ ವಿಜ್ಞಾನದ ಲೆಕ್ಕ ಒಂದು. ನೌಕೆಯ ಸ್ವಂತ ಆರೋಗ್ಯದ ವರದಿ ಇನ್ನೊಂದು. ಈಗ ಎರಡೂ ಇಲ್ಲ.

ಎರಡನೆಯದು ಇಲ್ಲದ್ದೇ ದೊಡ್ಡ ತಲೆನೋವು. ರೋಗಿಗೆ ಜ್ವರ ಬಂದರೆ ಥರ್ಮಾಮೀಟರ್ ಇಟ್ಟು ನೋಡಬಹುದು. ಇಲ್ಲಿ ಥರ್ಮಾಮೀಟರೇ ಕೆಟ್ಟಿದೆ.

ಬೇಕಾಗುವ ಸಾಮಾನು

70 ಮೀಟರ್ ಅಗಲದ ಆಂಟೆನಾ ತಟ್ಟೆ. ಕ್ಯಾಲಿಫೋರ್ನಿಯಾದ ಗೋಲ್ಡ್‌ಸ್ಟೋನ್, ಸ್ಪೇನಿನ ಮ್ಯಾಡ್ರಿಡ್, ಆಸ್ಟ್ರೇಲಿಯಾದ ಕ್ಯಾನ್‌ಬೆರಾ, ಈ ಮೂರು ಕಡೆ ಇವೆ. ಭೂಮಿ ತಿರುಗುವಾಗ ಒಂದರ ಕಣ್ಣಿಗೆ ಮರೆಯಾದದ್ದು ಇನ್ನೊಂದಕ್ಕೆ ಸಿಗಲಿ ಎಂದು ಹಾಗೆ ಹಂಚಿಟ್ಟಿದ್ದಾರೆ. ಮುಂದಿನದು 1970ರ ದಶಕದ ಕಾಗದಪತ್ರಗಳು. ಬರೆದವರಿಗೆ ಈ ನೌಕೆ 46 ವರ್ಷ ಬದುಕುತ್ತದೆ ಎಂಬ ಅಂದಾಜು ಇರಲಿಲ್ಲ. ಹಾಗಾಗಿ ಇವತ್ತಿನ ತೊಂದರೆಗೆ ನೇರ ಉತ್ತರ ಅವುಗಳಲ್ಲಿ ಸಿಗುವುದಿಲ್ಲ, ಸಾಲುಗಳ ನಡುವೆ ಓದಬೇಕು. ಸ್ಕ್ರೂಡ್ರೈವರ್ ಬೇಡ.

ಮತ್ತೆ, ಒಂದು ಕ್ಯಾಲೆಂಡರ್ ಬೇಕು. ಗಡಿಯಾರ ಸಾಲದು. ರೇಡಿಯೋ ಅಲೆ ಬೆಳಕಿನ ವೇಗದಲ್ಲೇ ಓಡಿದರೂ ನೌಕೆ ಮುಟ್ಟಲು 2024ರಲ್ಲಿ 22 ಗಂಟೆ 30 ನಿಮಿಷ ಬೇಕಾಗುತ್ತಿತ್ತು. ಸೋಮವಾರ ಬೆಳಿಗ್ಗೆ ಎಂಟಕ್ಕೆ ನೀವು ಕಳಿಸಿದ ಆದೇಶ ಮಂಗಳವಾರ ಬೆಳಿಗ್ಗೆ ಆರೂವರೆಗೆ ಅಲ್ಲಿಗೆ ತಲುಪುತ್ತದೆ. ಉತ್ತರ ಇಲ್ಲಿಗೆ ಬರುವುದು ಬುಧವಾರ ನಸುಕಿನ ಐದಕ್ಕೆ. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುತ್ತಾರಲ್ಲ, ಇಲ್ಲಿ ಆತುರಪಡುವ ಅವಕಾಶವೇ ಇಲ್ಲ.

ಮೊದಲು, ಏನು ಕೆಟ್ಟಿಲ್ಲ ನೋಡಿ

ಊರಿನಲ್ಲಿರುವ ಅಜ್ಜಿಗೆ ಫೋನ್ ಮಾಡುತ್ತೀರಿ. ರಿಂಗ್ ಆಗುತ್ತದೆ, ಎತ್ತುತ್ತಾರೆ, ಆಮೇಲೆ ಬರೀ ಗೊರಗೊರ. ಆಗ ನೀವು ಅಜ್ಜಿಗೆ ಏನೋ ಆಗಿದೆ ಎಂದು ಗಾಬರಿಯಾಗುವುದಿಲ್ಲ. ಫೋನ್ ಚಾರ್ಜ್ ಇದೆ, ನೆಟ್‌ವರ್ಕ್ ಇದೆ, ಎತ್ತಲು ಅಜ್ಜಿಯೂ ಇದ್ದಾರೆ. ಕೆಟ್ಟಿರುವುದು ಮಾತು ಹೋಗುವ ದಾರಿ ಮಾತ್ರ ಎಂದು ತಕ್ಷಣ ಗೊತ್ತಾಗುತ್ತದೆ.

ವಾಯೇಜರ್ ವಿಷಯದಲ್ಲೂ ಇದೇ ತರ್ಕ. ರೇಡಿಯೋದಲ್ಲಿ ಎರಡು ಸಂಗತಿ ಇರುತ್ತವೆ. ಹೊತ್ತೊಯ್ಯುವ ಅಲೆ ಒಂದು, ಅದರ ಬೆನ್ನ ಮೇಲೆ ಕೂರಿಸಿದ ಮಾಹಿತಿ ಇನ್ನೊಂದು. ಅಲೆ ಚೆನ್ನಾಗಿಯೇ ಬರುತ್ತಿದೆ. ಇಷ್ಟರಿಂದಲೇ ಎಷ್ಟು ಗೊತ್ತಾಯಿತು ನೋಡಿ. ಕರೆಂಟ್ ಇದೆ. ಅಂದರೆ ಪ್ಲುಟೋನಿಯಂ ಬಿಸಿಯಿಂದ ವಿದ್ಯುತ್ ಹುಟ್ಟಿಸುವ ಮೂರು ಜನರೇಟರ್‌ಗಳು ಇನ್ನೂ ನಡೆಯುತ್ತಿವೆ. ಹೊರಟಾಗ ಅವುಗಳದ್ದು ಒಟ್ಟು 470 ವಾಟ್, ಈಗ ವರ್ಷಕ್ಕೆ ಸುಮಾರು 4 ವಾಟ್ ಕಡಿಮೆಯಾಗುತ್ತಾ ಇದೆ. ಟ್ರಾನ್ಸ್‌ಮಿಟರ್ ಸರಿ ಇದೆ. ಆಂಟೆನಾ ಭೂಮಿಯ ಕಡೆಗೇ ತಿರುಗಿದೆ, ಅಂದರೆ ನೌಕೆ ಗಿರಗಿರ ಸುತ್ತುತ್ತಿಲ್ಲ. ಜೊತೆಗೆ ನೌಕೆ ನಮ್ಮ ಆದೇಶಗಳನ್ನು ಕೇಳಿಸಿಕೊಂಡು ನಡೆಸುತ್ತಲೂ ಇದೆ. ಕಿವಿ ಸರಿ, ಬಾಯಿ ಸರಿ. ಮಾತು ಕಟ್ಟುವ ಜಾಗದಲ್ಲಿ ಎಡವಟ್ಟು.

ಕೆಡದವುಗಳ ಪಟ್ಟಿಗೆ ಇನ್ನೊಂದನ್ನು ಸುಮ್ನೆ ಸೇರಿಸುತ್ತೇನೆ. ನೌಕೆಯ ಮೈಗೆ ಬಿಗಿದ, ಚಿನ್ನದ ಲೇಪ ಇರುವ ತಾಮ್ರದ ತಟ್ಟೆ. ಅದರಲ್ಲಿ 55 ಭಾಷೆಗಳ ಶುಭಾಶಯ ಇದೆ. ಕನ್ನಡದ್ದು ಹೀಗೆ: ‘ನಮಸ್ತೆ, ಕನ್ನಡಿಗರ ಪರವಾಗಿ ಶುಭಾಶಯಗಳು.’ ಅದನ್ನು ಉಳಿಸಿಕೊಳ್ಳಲು ಕರೆಂಟೂ ಬೇಡ, ಮೆಮೊರಿ ಚಿಪ್ಪೂ ಬೇಡ. ದೋಷ ಹುಡುಕುವವರಿಗೆ ಇದರಿಂದ ಉಪಯೋಗ ಏನೂ ಇಲ್ಲ, ಬರೆಯದೆ ಇರಲು ಮನಸ್ಸಾಗಲಿಲ್ಲ ಅಷ್ಟೆ.

ಅನುಮಾನ ಯಾರ ಮೇಲೆ

ನೌಕೆಯಲ್ಲಿ ಮೂರು ಬಗೆಯ ಕಂಪ್ಯೂಟರ್‌ಗಳಿವೆ. ಆದೇಶ ನಡೆಸುವುದು ಒಂದು, ನೌಕೆಯ ದಿಕ್ಕು ನೋಡಿಕೊಳ್ಳುವುದು ಇನ್ನೊಂದು. ಮೂರನೆಯದು ಫ್ಲೈಟ್ ಡೇಟಾ ಸಿಸ್ಟಮ್, ಚಿಕ್ಕದಾಗಿ ಎಫ್‌ಡಿಎಸ್. ಉಪಕರಣಗಳ ಲೆಕ್ಕವನ್ನೂ ಆರೋಗ್ಯದ ವರದಿಯನ್ನೂ ಒಟ್ಟು ಮಾಡಿ ಗಂಟು ಕಟ್ಟುವುದು ಇದರ ಕೆಲಸ. ಕಟ್ಟಿದ ಗಂಟನ್ನು ಟಿಎಂಯು ಎಂಬ ಇನ್ನೊಂದು ಘಟಕಕ್ಕೆ ಕೊಡುತ್ತದೆ. ಅದು ರೇಡಿಯೋ ಅಲೆಯ ಮೇಲೆ ಏರಿಸಿ ಕಳಿಸುತ್ತದೆ.

ಒಂದೇ ಜೋಡಣೆಯನ್ನು ಮತ್ತೆ ಮತ್ತೆ ಕಳಿಸುತ್ತಿರುವುದು ಟಿಎಂಯು. ಹಾಗಂತ ಅದನ್ನೇ ಹಿಡಿದು ಹೊಡೆಯಬೇಡಿ. ಬಸ್ ಡ್ರೈವರ್ ಖಾಲಿ ಬಸ್ ಓಡಿಸುತ್ತಿದ್ದರೆ ತಪ್ಪು ಡ್ರೈವರ್‌ದಲ್ಲ, ನಿಲ್ದಾಣದಲ್ಲಿ ಜನ ಹತ್ತಿಲ್ಲ. ಇಂಜಿನಿಯರುಗಳು ಇತರ ಸಾಧ್ಯತೆಗಳನ್ನೆಲ್ಲ ಒಂದೊಂದಾಗಿ ತಳ್ಳಿಹಾಕಿ ಎಫ್‌ಡಿಎಸ್ ಮುಂದೆ ನಿಂತರು.

ಹೀಗೆ ಯೋಚಿಸಲು ಹಿಂದಿನ ವರ್ಷದ ಪಾಠ ಸಹಾಯ ಮಾಡಿತು ಅಂತ ನನಗನ್ನಿಸುತ್ತದೆ. 2022ರಲ್ಲಿ ಇದೇ ವಾಯೇಜರ್ 1ರ ದಿಕ್ಕು ನೋಡಿಕೊಳ್ಳುವ ಕಂಪ್ಯೂಟರ್ ಅಸಂಬದ್ಧ ಲೆಕ್ಕ ಕಳಿಸಲು ಶುರು ಮಾಡಿತ್ತು. ಆ ಲೆಕ್ಕ ನಂಬಿದರೆ ಆಂಟೆನಾ ಎತ್ತೆತ್ತಲೋ ತಿರುಗಿರಬೇಕು. ಆದರೆ ಭೂಮಿಗೆ ಬರುವ ಸಿಗ್ನಲ್ ಒಂದಿಷ್ಟೂ ದುರ್ಬಲವಾಗಿರಲಿಲ್ಲ. ಅಂದಮೇಲೆ ಆಂಟೆನಾ ಸರಿಯಾಗಿಯೇ ಇದೆ, ವರದಿ ಸುಳ್ಳು. ಕೊನೆಗೆ ತಿಳಿದದ್ದು ತಮಾಷೆಯಾಗಿದೆ. ಆ ಕಂಪ್ಯೂಟರ್ ತನ್ನ ವರದಿಯನ್ನು, ಎಷ್ಟೋ ವರ್ಷದ ಹಿಂದೆಯೇ ಕೆಟ್ಟು ನಿಂತಿದ್ದ ಇನ್ನೊಂದು ಕಂಪ್ಯೂಟರ್ ಮೂಲಕ ಕಳಿಸತೊಡಗಿತ್ತು. ವರದಿ ಹಾಳಾಗಿದ್ದು ದಾರಿಯಲ್ಲಿ. ಸರಿಯಾದ ಕಂಪ್ಯೂಟರ್ ಕಡೆ ತಿರುಗಿಸಿ ಎಂದು ಆದೇಶ ಹೋಯಿತು, ಅಗಸ್ಟ್‌ನಲ್ಲಿ ಸರಿಹೋಯಿತು.

ಆಫ್ ಮಾಡಿ ಆನ್ ಮಾಡಿ

ಮಾಡಿದರು. ನೀವು ಕೇಳುತ್ತೀರಿ ಅಂತ ಗೊತ್ತಿತ್ತು. ಎಫ್‌ಡಿಎಸ್ ಅನ್ನು ಮರುಚಾಲನೆ ಮಾಡಿ, ತೊಂದರೆ ಶುರುವಾಗುವ ಮುಂಚಿನ ಸ್ಥಿತಿಗೆ ತರಲು ನೋಡಿದರು. ಏನೂ ಆಗಲಿಲ್ಲ.

ಆಗದೇ ಇದ್ದದ್ದೂ ಒಂದು ಸುಳಿವು. 2010ರ ಏಪ್ರಿಲ್‌ನಲ್ಲಿ ವಾಯೇಜರ್ 2ರ ಎಫ್‌ಡಿಎಸ್ ಹೀಗೇ ಗೊಂದಲದ ಮಾಹಿತಿ ಕಳಿಸಿತ್ತು. ಅದರ ಮೆಮೊರಿ ತರಿಸಿ ನೋಡಿದರೆ ಒಂದೇ ಒಂದು ಬಿಟ್, ಸೊನ್ನೆ ಇರಬೇಕಾದ ಕಡೆ ಒಂದು ಆಗಿ ಕೂತಿತ್ತು. ಮೇ ತಿಂಗಳಲ್ಲಿ ರಿಸೆಟ್ ಮಾಡಿದರು, ವಾಸಿಯಾಯಿತು. ಬರೆದದ್ದು ತಪ್ಪಾಗಿದ್ದರೆ ಅಳಿಸಿ ಬರೆಯಬಹುದು. ಬರೆಯುವ ಹಲಗೆಯೇ ಒಡೆದಿದ್ದರೆ ಎಷ್ಟು ಸಲ ಬರೆದರೂ ನಿಲ್ಲುವುದಿಲ್ಲ. ರಿಸೆಟ್‌ಗೆ ಬಗ್ಗದ ದೋಷ ಕಂಡಾಗ ಹಲಗೆಯ ಕಡೆ ಕಣ್ಣು ಹಾಯಿಸಿ.

ಬದಲಿ ಕಂಪ್ಯೂಟರ್ ಇಲ್ವಾ? ಇತ್ತು. ವಾಯೇಜರ್ 1ರಲ್ಲಿದ್ದ ಎರಡನೇ ಎಫ್‌ಡಿಎಸ್ ಎಷ್ಟೋ ವರ್ಷದ ಹಿಂದೆಯೇ ಕೈಕೊಟ್ಟಿದೆ. ಅಲ್ಲಿಂದ ಈಚೆಗೆ ಒಂಟಿ ಎತ್ತಿನ ಬೇಸಾಯ.

ಮೆಲ್ಲಗೆ ಒಂದು ತಿವಿತ

ಈ ಹಂತಕ್ಕೆ ಬರುವಷ್ಟರಲ್ಲಿ ಮೂರೂವರೆ ತಿಂಗಳು ಕಳೆದಿತ್ತು. ಎಫ್‌ಡಿಎಸ್ ಒಳಗೆ ಎಲ್ಲೋ ಮೆಮೊರಿ ಕೆಟ್ಟಿದೆ ಎಂಬ ಅನುಮಾನ ಇದೆ. ಎಲ್ಲಿ ಎಂದು ಗೊತ್ತಿಲ್ಲ. ಕೇಳಿ ತಿಳಿಯೋಣ ಎಂದರೆ ಉತ್ತರ ಕೊಡಬೇಕಾದದ್ದೇ ಕೆಟ್ಟಿರುವ ಯಂತ್ರ.

2024ರ ಮಾರ್ಚ್ 1ರಂದು ತಂಡ ಒಂದು ಆದೇಶ ಕಳಿಸಿತು. ಅವರೇ ಅದಕ್ಕೆ ಇಟ್ಟ ಹೆಸರು ‘ತಿವಿತ’ ಎಂಬ ಅರ್ಥದ್ದು. ಎಫ್‌ಡಿಎಸ್ ತನ್ನ ಪ್ರೋಗ್ರಾಂನಲ್ಲಿ ಯಾವಾಗಲೂ ನಡೆಯುವ ದಾರಿ ಬಿಟ್ಟು ಬೇರೆ ಬೇರೆ ಸಾಲುಗಳಿಂದ ನಡೆದು ನೋಡಲಿ ಎಂಬುದು ಉದ್ದೇಶ. ರಸ್ತೆಯಲ್ಲಿ ಎಲ್ಲಿ ಗುಂಡಿ ಇದೆ ತಿಳಿಯದು. ಸಂದಿಗೊಂದಿ ಸುತ್ತಿ ಹೋದರೆ ಗುಂಡಿ ತಪ್ಪೀತು, ನೋಡೋಣ ಎಂಬ ಲೆಕ್ಕ.

ಮಾರ್ಚ್ 3ರಂದು ಉತ್ತರ ಬಂತು. ಬಂದದ್ದರಲ್ಲಿ ಬಹುಪಾಲು ಹಳೆಯ ಗೊರಗೊರವೇ. ಒಂದು ಭಾಗ ಮಾತ್ರ ಬೇರೆ ಥರ ಇತ್ತು. ಆದರೆ ಎಫ್‌ಡಿಎಸ್ ಆರೋಗ್ಯವಾಗಿದ್ದಾಗ ಬಳಸುತ್ತಿದ್ದ ನಮೂನೆಯಲ್ಲೂ ಇರಲಿಲ್ಲ. ಏನಿದು ಎಂದು ಮೊದಲಿಗೆ ಯಾರಿಗೂ ಹೊಳೆಯಲಿಲ್ಲ.

ಇಲ್ಲಿ ನಿಮಗೊಂದು ಎಚ್ಚರಿಕೆ. ಐದು ತಿಂಗಳ ಹುಡುಕಾಟದಲ್ಲಿ ತುಂಬಾ ಸುಲಭವಾಗಿ ಕೈತಪ್ಪಿ ಹೋಗಬಹುದಾಗಿದ್ದ ಗಳಿಗೆ ಇದು. ಕಸದ ರಾಶಿಯಲ್ಲಿ ಸ್ವಲ್ಪ ಬೇರೆ ಬಣ್ಣದ ಕಸ ಕಂಡರೆ ನಾವು ಏನು ಮಾಡುತ್ತೇವೆ? ಅದೂ ಕಸವೇ ಎಂದು ಗುಡಿಸುತ್ತೇವೆ. ಇವರು ಗುಡಿಸಲಿಲ್ಲ. ಮಾರ್ಚ್ 7ರಿಂದ ಅದನ್ನು ಬಿಡಿಸಲು ಕೂತರು. ಮಾರ್ಚ್ 10ರಂದು ಗಂಟು ಬಿಚ್ಚಿತು. ಬಿಚ್ಚಿದವರು ಆಂಟೆನಾಗಳನ್ನು ನಡೆಸುವ ಡೀಪ್ ಸ್ಪೇಸ್ ನೆಟ್‌ವರ್ಕ್ ಕಡೆಯ ಒಬ್ಬ ಇಂಜಿನಿಯರ್. ದಿನವಿಡೀ ಸಿಗ್ನಲ್‌ಗಳ ಜೊತೆಗೇ ಇರುವವರಿಗೆ ಅದು ಕಂಡಿತು. ನಿಮ್ಮ ತಂಡ ಸುಸ್ತಾದಾಗ ಪಕ್ಕದ ವಿಭಾಗದವರನ್ನು ಟೀಗೆ ಕರೆದು ತೋರಿಸಿ.

ಅದರಲ್ಲಿ ಇದ್ದದ್ದೇನು? ಎಫ್‌ಡಿಎಸ್‌ನ ಮೆಮೊರಿ, ಪೂರ್ತಿ. ಪ್ರೋಗ್ರಾಂ ಕೋಡ್, ಅದು ಬಳಸುವ ಮೌಲ್ಯಗಳು, ಕಳಿಸಲು ಇಟ್ಟುಕೊಂಡಿದ್ದ ಮಾಹಿತಿ, ಎಲ್ಲ. ಡಾಕ್ಟರು ಕೈ ಮುಟ್ಟಿ ನೋಡಲೂ ಆಗದ ರೋಗಿ ತನ್ನ ಪೂರ್ತಿ ಎಕ್ಸ್‌ರೇಯನ್ನು ತಾನೇ ಅಂಚೆಗೆ ಹಾಕಿದ ಹಾಗೆ.

ಹಳೆಯದರ ಪಕ್ಕ ಹೊಸದನ್ನು ಇಡಿ

ಇನ್ನು ಉಳಿದದ್ದು ಗುಮಾಸ್ತರ ಕೆಲಸ. ತೊಂದರೆಗೆ ಮುಂಚೆ ತೆಗೆದಿಟ್ಟಿದ್ದ ಮೆಮೊರಿಯ ನಕಲು ಇತ್ತು. ಅದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ಎಲ್ಲಿ ಬೇರೆಯಾಗಿದೆ ನೋಡಿದರು. ಹಳೆಯ ನಕಲು ಇಲ್ಲದಿದ್ದರೆ? ಯೋಚಿಸಲೂ ಬೇಡ. ನಿಮ್ಮ ಮೊಬೈಲ್‌ನ ಬ್ಯಾಕಪ್ ತೆಗೆದು ಎಷ್ಟು ದಿನವಾಯಿತು?

ವ್ಯತ್ಯಾಸ ಸಿಕ್ಕಿತು. ಎಫ್‌ಡಿಎಸ್ ಮೆಮೊರಿಯ ಸುಮಾರು 3 ಶೇಕಡಾ ಹಾಳಾಗಿತ್ತು. ಹಾಳಾದ ಜಾಗಗಳೆಲ್ಲ ಬೊಟ್ಟು ಮಾಡುತ್ತಿದ್ದದ್ದು ಒಂದೇ ಚಿಪ್ ಕಡೆಗೆ. ಬೆಟ್ಟ ಅಗೆದು ಇಲಿ ಹಿಡಿದಂತೆ ಎನ್ನುತ್ತೀರಾ? ಇಲ್ಲಿ ಬೇಕಾಗಿದ್ದದ್ದೇ ಇಲಿ.

ಚಿಪ್ ಯಾಕೆ ಕೆಟ್ಟಿತು ಎಂಬುದಕ್ಕೆ ತಂಡ ಎರಡು ಸಾಧ್ಯತೆ ಇಟ್ಟಿತು. ಬಾಹ್ಯಾಕಾಶದಿಂದ ಬಂದ ಬಲವಾದ ಕಣವೊಂದು ಬಡಿದಿರಬಹುದು. ಇಲ್ಲವೇ 46 ವರ್ಷ ದುಡಿದು ಸವೆದು ಹೋಗಿರಬಹುದು. ರಿಪೇರಿಗೆ ಎರಡೂ ಒಂದೇ. ಆ ಚಿಪ್ ಇನ್ನು ಬರುವುದಿಲ್ಲ. ಕಾರಣದ ಬೆನ್ನು ಹತ್ತಿ ಹೋಗದೆ ಮುಂದಿನ ಕೆಲಸ ನೋಡಿದ್ದು ನನಗೆ ಇಷ್ಟವಾಯಿತು.

ರಿಪೇರಿ

ಕೆಟ್ಟ ಚಿಪ್ಪಿನಲ್ಲಿ ಎಫ್‌ಡಿಎಸ್‌ನ ಕೋಡ್‌ನ ಒಂದು ಭಾಗವೂ ಇತ್ತು. ಆ ಭಾಗ ಇಲ್ಲದೆ ಗಂಟು ಕಟ್ಟುವ ಕೆಲಸ ನಡೆಯದು. ಚಿಪ್ ಬದಲಿಸಲು ಯಾರೂ ಅಲ್ಲಿಗೆ ಹೋಗಲಾರರು. ಕೋಡನ್ನು ಬೇರೆ ಜಾಗಕ್ಕೆ ಒಯ್ಯಬೇಕು. ಸುಲಭ ಅನ್ನಿಸುತ್ತದೆ ಅಲ್ವಾ? ಜಾಗ ಎಲ್ಲಿದೆ? ಮೂರೂ ಬಗೆಯ ಕಂಪ್ಯೂಟರ್‌ಗಳ ಮೆಮೊರಿ ಕೂಡಿಸಿದರೂ 70 ಕಿಲೋಬೈಟ್ ಆಸುಪಾಸು. ನಿಮ್ಮ ಫೋನಿನಲ್ಲಿ ತೆಗೆದ ಒಂದು ಫೋಟೋ ಅದರಲ್ಲಿ ಹಿಡಿಸುವುದಿಲ್ಲ. ಆ ಇಕ್ಕಟ್ಟಿನಲ್ಲಿ, ಇಡೀ ಭಾಗ ಒಟ್ಟಿಗೆ ಕೂರುವಷ್ಟು ಖಾಲಿ ಜಾಗ ಎಲ್ಲೂ ಇರಲಿಲ್ಲ.

ಮದುವೆಗೆ ಇಪ್ಪತ್ತು ಜನ ನೆಂಟರು ಬಂದಿದ್ದಾರೆ ಅನ್ನಿ. ಅವರಿಗೆಂದು ಗೊತ್ತು ಮಾಡಿದ್ದ ಮನೆಯ ಸೂರು ಸೋರುತ್ತಿದೆ. ಇಪ್ಪತ್ತು ಜನರನ್ನೂ ಒಟ್ಟಿಗೆ ಇರಿಸುವ ಇನ್ನೊಂದು ಮನೆ ಇಲ್ಲ. ಆಗ ಏನು ಮಾಡುತ್ತೀರಿ? ಐದು ಜನ ಚಿಕ್ಕಪ್ಪನ ಮನೆಗೆ, ಮೂರು ಜನ ಎದುರುಮನೆಗೆ, ಉಳಿದವರು ಮಾಸ್ತರ ಮನೆಯ ಜಗಲಿಗೆ. ಆಮೇಲೆ ಊಟಕ್ಕೆ ಕರೆಯುವ ಹುಡುಗನಿಗೆ ಯಾರು ಎಲ್ಲಿದ್ದಾರೆ ಎಂದು ಒಂದೂ ಬಿಡದೆ ಹೇಳಬೇಕು. ಒಬ್ಬರ ವಿಳಾಸ ತಪ್ಪಿದರೂ ಅವರು ಉಪವಾಸ.

ಇಂಜಿನಿಯರುಗಳು ಅದನ್ನೇ ಮಾಡಿದರು. ಕೋಡನ್ನು ತುಂಡು ಮಾಡಿ ಮೆಮೊರಿಯಲ್ಲಿ ಸಿಕ್ಕ ಸಿಕ್ಕ ಸಂದಿಗಳಲ್ಲಿ ಇಡುವ ಯೋಜನೆ ಹಾಕಿದರು. ತುಂಡಾದರೂ ಒಂದೇ ಕೋಡ್‌ನಂತೆ ನಡೆಯುವ ಹಾಗೆ ತಿದ್ದಿದರು. ಮೆಮೊರಿಯ ಬೇರೆ ಕಡೆಗಳಲ್ಲಿ ಆ ಕೋಡ್‌ನ ಹಳೆ ವಿಳಾಸ ಎಲ್ಲೆಲ್ಲಿ ಬರೆದಿದೆಯೋ ಅಲ್ಲೆಲ್ಲ ಹೊಸ ವಿಳಾಸ ಬರೆಯುವಂತೆ ಮಾಡಿದರು. ಈ ವಿಳಾಸ ತಿದ್ದುವ ಕೆಲಸ ನೋಡಲು ಸಪ್ಪೆ. ನನ್ನ ಲೆಕ್ಕದಲ್ಲಿ ಇಡೀ ರಿಪೇರಿಯಲ್ಲಿ ಎದೆ ಡವಡವ ಅನ್ನಿಸುವ ಭಾಗ ಇದೇ.

ಎಲ್ಲವನ್ನೂ ಒಂದೇ ಸಲ ಕಳಿಸಲಿಲ್ಲ. ಮೊದಲು ನೌಕೆಯ ಆರೋಗ್ಯದ ವರದಿ ಕಟ್ಟುವ ಕೋಡ್ ಮಾತ್ರ. ಸರಿಯಾದ ಆಯ್ಕೆ. ಥರ್ಮಾಮೀಟರ್ ಮೊದಲು ಸರಿಯಾಗಲಿ, ಔಷಧಿ ಆಮೇಲೆ ಕೊಡೋಣ. ಏಪ್ರಿಲ್ 18ರಂದು ಕಳಿಸಿದರು. ಏಪ್ರಿಲ್ 20ರಂದು ಉತ್ತರ ಬಂತು. ಐದು ತಿಂಗಳಲ್ಲಿ ಮೊದಲ ಬಾರಿಗೆ, ತಾನು ಹೇಗಿದ್ದೇನೆ ಎಂದು ವಾಯೇಜರ್ 1 ಓದಲು ಬರುವ ಹಾಗೆ ಹೇಳಿತು.

ಆಯಿತು ಅನ್ನುವ ಮುಂಚೆ

ಮೇ ತಿಂಗಳಲ್ಲಿ ವಿಜ್ಞಾನದ ಮಾಹಿತಿ ಕಟ್ಟುವ ಕೋಡ್ ಭಾಗಗಳು ಹೋದವು. ನಾಲ್ಕು ಉಪಕರಣಗಳಲ್ಲಿ ಎರಡು ಕೂಡಲೇ ಸರಿಹೋದವು. ಪ್ಲಾಸ್ಮಾ ಅಲೆ ಅಳೆಯುವುದು ಒಂದು, ಕಾಂತಕ್ಷೇತ್ರ ಅಳೆಯುವುದು ಇನ್ನೊಂದು. ಉಳಿದ ಎರಡಕ್ಕೆ ಇನ್ನಷ್ಟು ತಿದ್ದುಪಡಿ ಬೇಕಾಯಿತು. ನಾಲ್ಕೂ ಸರಿಯಾಗಿ ಕೆಲಸ ಮಾಡುತ್ತಿವೆ ಎಂದು ನಾಸಾ ತಿಳಿಸಿದ್ದು ಜೂನ್ 13ರಂದು. ಅದಾದ ಮೇಲೂ ಚಿಲ್ಲರೆ ಕೆಲಸ ಉಳಿದಿತ್ತು. ಮೂರು ಕಂಪ್ಯೂಟರ್‌ಗಳ ಗಡಿಯಾರ ಒಂದಕ್ಕೊಂದು ಹೊಂದಿಸಬೇಕು. ನೌಕೆಯ ಟೇಪ್ ರೆಕಾರ್ಡರ್‌ಗೂ ಸ್ವಲ್ಪ ಆರೈಕೆ ಬೇಕು. ಹೌದು, ಟೇಪ್ ರೆಕಾರ್ಡರ್. ಇನ್ನೂ ಓಡುತ್ತಿದೆ.

ರಿಪೇರಿ ಮಾಡುವವರ ಕೈಯಿಂದಲೇ ಬರುವ ದೋಷ

ಇದನ್ನೂ ಬರೆಯದಿದ್ದರೆ ಕೈಪಿಡಿ ಪ್ರಾಮಾಣಿಕ ಅನ್ನಿಸದು. 2023ರ ಜುಲೈನಲ್ಲಿ ವಾಯೇಜರ್ 2ಕ್ಕೆ ಹೋದ ಆದೇಶವೊಂದರಲ್ಲಿ ತಪ್ಪಾಯಿತು. ಆಂಟೆನಾ ಭೂಮಿಯಿಂದ 2 ಡಿಗ್ರಿ ಆಚೆ ತಿರುಗಿತು. ಎರಡೇ ಡಿಗ್ರಿ. ಮಾತು ಪೂರ್ತಿ ನಿಂತಿತು. ಆಮೇಲೆ ಹುಡುಕಿದಾಗ ಅಲೆಯ ಸಣ್ಣ ಗುರುತು ಮಾತ್ರ ಸಿಕ್ಕಿತು, ನಾಡಿ ಬಡಿತದ ಹಾಗೆ. ಕ್ಯಾನ್‌ಬೆರಾದ ದೊಡ್ಡ ತಟ್ಟೆಯಿಂದ ಜೋರಾಗಿ ಕೂಗಿದರು, ಇತ್ತ ತಿರುಗು ಎಂದು. ಕೇಳಿಸುತ್ತದೋ ಇಲ್ಲವೋ ಎಂದು 37 ಗಂಟೆ ಕಾಯಬೇಕಾಯಿತು. ಅಗಸ್ಟ್ 4ರಂದು ಉತ್ತರ ಬಂತು. ಕಳಿಸುವ ಮುಂಚೆ ಇನ್ನೊಬ್ಬರಿಗೆ ತೋರಿಸಿ. ಅವರು ತೋರಿಸಿರಲಿಲ್ಲ ಎಂದು ನಾನು ಹೇಳುತ್ತಿಲ್ಲ. ಇನ್ನೊಮ್ಮೆ ತೋರಿಸಿ.

ಅಲೆಯೇ ಬರದಿದ್ದರೆ

ಆಗ ಮೇಲಿನ ದಾರಿ ನಡೆಯದು, ಬೇರೆ ಕಡೆಯಿಂದ ಶುರು ಮಾಡಬೇಕು. 2024ರ ಅಕ್ಟೋಬರ್ 16ರಂದು ವಾಯೇಜರ್ 1ಕ್ಕೆ ಒಂದು ಹೀಟರ್ ಆನ್ ಮಾಡಲು ಹೇಳಿದರು. ಅದರಿಂದ ನೌಕೆ ತನ್ನನ್ನು ಕಾಪಾಡಿಕೊಳ್ಳುವ ಸ್ಥಿತಿಗೆ ಹೋಯಿತು. ಯಾವಾಗಲೂ ಬಳಸುವ ಎಕ್ಸ್-ಬ್ಯಾಂಡ್ ಟ್ರಾನ್ಸ್‌ಮಿಟರ್ ಆಫ್ ಆಯಿತು. ಎಸ್-ಬ್ಯಾಂಡ್ ಎಂಬ, ಕಡಿಮೆ ಕರೆಂಟ್ ಹೀರುವ ಇನ್ನೊಂದು ಆನ್ ಆಯಿತು. ಅದನ್ನು 1981ರಿಂದ ಬಳಸಿಯೇ ಇರಲಿಲ್ಲ. ನೌಕೆ ಆಗಿನದಕ್ಕಿಂತ ಎಷ್ಟೋ ದೂರ ಹೋಗಿದೆ. ಆ ಬಡಪಾಯಿ ಸಿಗ್ನಲ್ ಕೇಳಿಸುತ್ತದೋ ಎಂಬ ಖಾತರಿ ಇರಲಿಲ್ಲ. ಕೊನೆಗೂ ಕೇಳಿಸಿತು. ಅದು ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ಖಚಿತ ಮಾಡಿಕೊಳ್ಳಲು ಅಕ್ಟೋಬರ್ 22ರಂದು ಆದೇಶ ಕಳಿಸಿದರು. ನವೆಂಬರ್‌ನಲ್ಲಿ ಎಕ್ಸ್-ಬ್ಯಾಂಡ್ ಮತ್ತೆ ಬಂತು. ಹಾಗಾಗಿ, ಯಾವಾಗಲೂ ಹುಡುಕುವ ಜಾಗದಲ್ಲಿ ಸಿಗದಿದ್ದರೆ ಅದರ ಹಳೇ ಜಾಗದಲ್ಲಿ ಹುಡುಕಿ.

ತಿದ್ದುಪಡಿ

ವಾಯೇಜರ್ 1 ದೂರ ಹೋಗುತ್ತಲೇ ಇದೆ. ಲೆಕ್ಕದ ಪ್ರಕಾರ 2026ರ ನವೆಂಬರ್ ಹೊತ್ತಿಗೆ ಅದು ಭೂಮಿಯಿಂದ ಒಂದು ಬೆಳಕಿನ ದಿನದಷ್ಟು ದೂರ ಇರುತ್ತದೆ. ಆಗ ಈ ಕೈಪಿಡಿಯಲ್ಲಿ 22 ಗಂಟೆ 30 ನಿಮಿಷ ಎಂದು ಇರುವ ಕಡೆ 24 ಗಂಟೆ ಎಂದು ತಿದ್ದಿಕೊಳ್ಳಿ. ಸೋಮವಾರ ಬೆಳಿಗ್ಗೆ ಎಂಟಕ್ಕೆ ಕೇಳಿದ್ದಕ್ಕೆ ಉತ್ತರ ಬುಧವಾರ ಬೆಳಿಗ್ಗೆ ಎಂಟಕ್ಕೆ ಬರುತ್ತದೆ. ನಸುಕಿನ ಐದಕ್ಕೆ ಏಳುವ ಕಷ್ಟ ತಪ್ಪಿತು.